ಗಿರಣಿಯ ಕೆನ್ನೆಯ ಬೊಟ್ಟು

"ಗುರುಗಳೇ, ಹಾಕಿದ ಹಣಕ್ಕೆ ಲಾಭವೂ ಬರಬೇಕು, ಅದರಿಂದ ನಾಲ್ಕು ಜನಕ್ಕೆ ಒಳಿತೂ ಆಗಬೇಕು ಎನ್ನುವವರು ಈಗ ಬಹಳ ಮಂದಿ. ಲಾಭ ಎಷ್ಟಾಯಿತೆಂದು ತಿಳಿಯಲು ದಾರಿಯಿದೆ. ಒಳಿತು ಆಯಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಅವನ ಕೈಯಲ್ಲಿ ಒಂದು ಹಾಳೆಯಿತ್ತು. ಮಠದ ಆವರಣದಲ್ಲಿ ಹೆಂಗಸರಿಗಾಗಿ ಒಂದು ಹೊಲಿಗೆ ಶಾಲೆ ನಡೆಯುತ್ತಿತ್ತು. ಹೊಲಿದ ಬಟ್ಟೆ ಮಾರಿ ಬಂದದ್ದರಲ್ಲಿ ಪಾಲು ಸಿಗುತ್ತದೆಂಬ ಮಾತಿನ ಮೇಲೆ ಪೇಟೆಯ ಕೆಲವರು ಅದಕ್ಕೆ ಬಂಡವಾಳ ಹಾಕಿದ್ದರು. ವರ್ಷದ ಕೊನೆಗೆ ಅವರಿಗೆ ಒಳಿತಿನ ವರದಿ ಕಳಿಸಬೇಕಿತ್ತು. ಹೊಲಿಯುವ ಹೆಂಗಸರನ್ನು ಕೇಳಲೆಂದು ಶಿಷ್ಯ ಮೂವತ್ತೆರಡು ಪ್ರಶ್ನೆ ಬರೆದಿದ್ದ. ಮೊದಲನೆಯದು, 'ನೀವು ಈಗ ಸಂತೋಷವಾಗಿದ್ದೀರಾ?' ಎರಡನೆಯದು, 'ಹೌದಾದರೆ, ಶೇಕಡಾ ಎಷ್ಟು?'

ಈ ಶಿಷ್ಯ ಮಠಕ್ಕೆ ಬಂದು ಹನ್ನೊಂದು ವರ್ಷವಾಗಿತ್ತು. ಉಗ್ರಾಣದಿಂದ ಹಿಡಿದು ಹೊಲಿಗೆ ಶಾಲೆಯವರೆಗೆ ಎಲ್ಲವನ್ನೂ ನೋಡಿಕೊಳ್ಳುವವನು ಅವನೇ. ಬಂದ ಅತಿಥಿಗಳಿಗೆ ಗುರುಗಳು ಅವನನ್ನು ಒಂದೇ ಮಾತಿನಲ್ಲಿ ಪರಿಚಯಿಸುತ್ತಿದ್ದರು. "ಇವನಿಗೆ ಇನ್ನೂ ಸಾರಿಗೆ ಉಪ್ಪು ಹಾಕಲು ಬಾರದು" ಎನ್ನುತ್ತಿದ್ದರು. ಅತಿಥಿಗಳು ನಗುತ್ತಿದ್ದರು. ಶಿಷ್ಯ ತಲೆ ತಗ್ಗಿಸಿ ಮಜ್ಜಿಗೆ ತರಲು ಹೋಗುತ್ತಿದ್ದ.

ಗುರುಗಳು ಹಾಳೆಯನ್ನು ಪೂರ್ತಿ ಓದಿದರು. ತಿರುಗಿಸಿ ಹಿಂಬದಿಯನ್ನೂ ನೋಡಿದರು. ಮಡಿಸಿ ಪಕ್ಕಕ್ಕಿಟ್ಟು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಬೆಲ್ಲದ ವ್ಯಾಪಾರದಲ್ಲಿ ಚೆನ್ನಾಗಿ ಬೆಳೆದವನು. ಅವನಿಗೆ ಒಂದು ಕೊರತೆಯಿತ್ತು. ತಾನು ಮಾಡಿದ್ದು ಸರಿಯಾಗಿದೆಯೆಂದು ಯಾರಾದರೂ ಬರೆದುಕೊಟ್ಟರೆ ಮಾತ್ರ ಅವನಿಗೆ ನಂಬಿಕೆ ಬರುತ್ತಿತ್ತು. ಅವನ ನಡುಮನೆಯ ಗೋಡೆಯಲ್ಲಿ ಸನ್ಮಾನ ಪತ್ರಗಳು ಸುಣ್ಣ ಕಾಣದ ಹಾಗೆ ತೂಗುತ್ತಿದ್ದವು. ಒಂದು ಪತ್ರ ಬಂದ ವಾರಕ್ಕೆ ಅವನಿಗೆ ಇನ್ನೊಂದು ಬೇಕೆನಿಸುತ್ತಿತ್ತು.

ಅವನು ದಾನ ಮಾಡಿ ನೋಡಿದ. ಕೊಟ್ಟ ಹಣ ಹೋದದ್ದು ಹೋಯಿತು. ಎಲ್ಲಿಗೆ ಮುಟ್ಟಿದೆನೆಂದು ಹೇಳುವುದಕ್ಕೂ ಅದು ಹಿಂದಿರುಗಿ ಬರಲಿಲ್ಲ. ಆಗ ತಿಳಿದವರೊಬ್ಬರು ಅವನಿಗೆ ಬೇರೆ ದಾರಿ ಹೇಳಿದರು. ಬಡವರಿರುವ ಕಡೆ ಅವರಿಗೆ ಬೇಕಾದ ಒಂದು ಉದ್ಯಮ ಹೂಡು, ಅವರೇ ನಡೆಸಲಿ, ಅವರ ಕಷ್ಟ ಇಳಿಯುತ್ತದೆ, ನಿನ್ನ ಬಂಡವಾಳವೂ ಸ್ವಲ್ಪ ಬೆಳೆದು ಮನೆಗೆ ಬರುತ್ತದೆ ಎಂದರು. ವ್ಯಾಪಾರಿಗೆ ಇದು ಹಿಡಿಸಿತು. ಪುಣ್ಯವನ್ನೂ ವ್ಯಾಪಾರವನ್ನೂ ಬೇರೆ ಬೇರೆ ದಿನ ಮಾಡಬೇಕಾಗಿಲ್ಲ ಎಂಬುದು ಅವನಿಗೆ ಹೊಸ ವಿಷಯ. ಇದನ್ನು ನೀನು ಹೀಗಳೆಯಬೇಡ. ಒಳ್ಳೆಯ ಯೋಚನೆಯೇ.

ಒಂದು ಊರಿನಲ್ಲಿ ಹಿಟ್ಟಿನ ಗಿರಣಿ ಇರಲಿಲ್ಲ. ಹೆಂಗಸರು ಕೋಳಿ ಕೂಗುವುದಕ್ಕೆ ಮೊದಲೇ ಎದ್ದು ಬೀಸುವ ಕಲ್ಲಿನ ಮುಂದೆ ಕೂರಬೇಕಿತ್ತು. ಇಲ್ಲವೆಂದರೆ ರಾಗಿ ಹೊತ್ತು ಎರಡು ಗುಡ್ಡ ದಾಟಿ ಹೋಗಬೇಕಿತ್ತು. ವ್ಯಾಪಾರಿ ಆ ಊರಿಗೆ ಗಿರಣಿ ಹಾಕಿಸಿದ. ಗಂಡನನ್ನು ಕಳೆದುಕೊಂಡ ಒಬ್ಬ ಹೆಂಗಸಿಗೆ ಅದನ್ನು ನಡೆಸಲು ಒಪ್ಪಿಸಿದ. ಮೂರು ವರ್ಷ ಸರಿಯಾಗಿ ನಡೆಸಿದರೆ ಗಿರಣಿ ಅವಳದೇ ಎಂದು ಮಾತಾಯಿತು.

ಒಂದು ಷರತ್ತು ಇತ್ತು. ವರ್ಷಕ್ಕೊಮ್ಮೆ ವ್ಯಾಪಾರಿಯ ಕಡೆಯವನೊಬ್ಬ ಬಂದು, ಗಿರಣಿಯಿಂದ ಊರಿಗೆ ಎಷ್ಟು ಒಳಿತಾಗಿದೆಯೆಂದು ಅಳೆಯುತ್ತಾನೆ. ಎರಡು ವರ್ಷದಲ್ಲಿ ಏನೂ ಆಗಿಲ್ಲವಾದರೆ ಗಿರಣಿಯನ್ನು ಬೇರೆ ಊರಿಗೆ ಒಯ್ಯುವುದು. ಇಲ್ಲಿ ಆಗದ ಒಳಿತು ಅಲ್ಲಾದರೂ ಆಗಲಿ ಎಂಬುದು ಅವನ ವಿಚಾರ. ನ್ಯಾಯವಾದದ್ದೇ.

ಗಿರಣಿ ತಿರುಗಿತು. ಗಿರಣಿಯವಳಿಗೆ ಒಂದು ಬದುಕಾಯಿತು. ಊರಿನ ಬೀಸುವ ಕಲ್ಲುಗಳೆಲ್ಲ ಹಿತ್ತಿಲು ಸೇರಿದವು. ಅವುಗಳ ಮೇಲೆ ಕೋಳಿಗಳು ಕೂತವು.

ಈಗ ಆ ಊರಿನ ಒಂದು ನಡಾವಳಿಯನ್ನು ಹೇಳಬೇಕು. ಅಲ್ಲಿ ಒಳ್ಳೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ದೃಷ್ಟಿ ತಾಗುತ್ತದೆ. ಹಸು ತಂಬಿಗೆ ತುಂಬ ಹಾಲು ಕೊಟ್ಟರೆ, 'ಕಾಫಿಗೆ ಆಗುವಷ್ಟು' ಎನ್ನುತ್ತಾರೆ. ಮಗು ದುಂಡಗಿದ್ದರೆ, 'ಅನ್ನವೇ ಮುಟ್ಟುವುದಿಲ್ಲ' ಎನ್ನುತ್ತಾರೆ. ಒಬ್ಬನ ಮಗಳಿಗೆ ಬಹಳ ಒಳ್ಳೆಯ ಸಂಬಂಧ ಕೂಡಿಬಂದಾಗ, ಊರಿನವರು ಒಬ್ಬೊಬ್ಬರಾಗಿ ಹೋಗಿ ಅವನಿಗೆ ಸಮಾಧಾನ ಹೇಳಿ ಬಂದಿದ್ದರು. ಅವನೂ ಎಲ್ಲರ ಮುಂದೆ ನಿಟ್ಟುಸಿರು ಬಿಟ್ಟು, ಒಳಗೆ ಹೋಗಿ ಹೋಳಿಗೆ ತಿಂದಿದ್ದ.

ಮೊದಲ ವರ್ಷ ಅಳೆಯುವವನು ಬಂದ. ಪಟ್ಟಣದವನು. ಪ್ರಾಮಾಣಿಕ. ಕೇಳಿಸಿಕೊಂಡದ್ದನ್ನು ಕೇಳಿಸಿಕೊಂಡ ಹಾಗೆ ಬರೆಯುವವನು. ಗಿರಣಿಯ ಮುಂದೆ ರಾಗಿ ಪುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸರನ್ನು ಕೇಳಿದ.

"ಗಿರಣಿ ಬಂದ ಮೇಲೆ ನಿಮ್ಮ ಬದುಕು ಹೇಗಿದೆ ತಾಯಿ?"

"ಏನೋ ಇದೀವಿ ಸ್ವಾಮಿ."

"ಹೆಗಲು ನೋವು ಕಡಿಮೆ ಆಯಿತೇ?"

"ಹೆಗಲು ಅಂದಮೇಲೆ ನೋವು ಇದ್ದೇ ಇರ್ತದೆ."

"ಹಿಟ್ಟು ನುಣ್ಣಗೆ ಬರುತ್ತದೆಯೇ?"

"ಮುದ್ದೆ ಆಗುತ್ತೆ. ನಮ್ಮನೆಯವರು ನುಂಗ್ತಾರೆ. ದೂರೋ ಹಾಗೇನಿಲ್ಲ."

ಉಳಿದ ಹೆಂಗಸರು ಈ ಕೊನೆಯವಳನ್ನು ಕೆಟ್ಟದಾಗಿ ನೋಡಿದರು. ಆ ಊರಿನಲ್ಲಿ 'ದೂರೋ ಹಾಗೇನಿಲ್ಲ' ಎಂಬುದು ಮಿತಿಮೀರಿದ ಹೊಗಳಿಕೆ.

"ಬೀಸುವ ಹೊತ್ತು ಉಳಿಯಿತಲ್ಲ, ಆ ಹೊತ್ತಿನಲ್ಲಿ ಏನು ಮಾಡುತ್ತೀರಿ?"

ಅಲ್ಲಿ ಒಬ್ಬ ಮುದುಕಿ ಇದ್ದಳು. ಐವತ್ತು ವರ್ಷ ಬೀಸಿದವಳು. ಅವಳು ಯೋಚನೆ ಮಾಡದೆ, "ಮಲಗ್ತೀನಿ ಮಗಾ. ಬೆಳಕು ಹರಿಯೋ ತನಕ ಮಲಗ್ತೀನಿ. ಮದುವೆ ಆದಮೇಲೆ ಇದೇ ಮೊದಲು" ಎಂದಳು. ಪಕ್ಕದವಳು ತಿವಿದಳು. ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ, "ಎಲ್ಲಿ ನಿದ್ದೆ, ಸುಮ್ಮನೆ ಹೊರಳಾಡ್ತೀನಿ" ಎಂದು ತಿದ್ದಿಕೊಂಡಳು.

ಅಳೆಯುವವನು ತನ್ನ ಹಾಳೆ ನೋಡಿದ. ಅದರಲ್ಲಿ ಓದು, ಗಳಿಕೆ, ಉಳಿತಾಯ, ಆರೋಗ್ಯ ಎಂಬ ಕಾಲಂಗಳಿದ್ದವು. ನಿದ್ದೆಗೆ ಕಾಲಂ ಇರಲಿಲ್ಲ. ಹೊರಳಾಟಕ್ಕೂ ಇರಲಿಲ್ಲ. ಅವನು ಆ ಊರಿಗೆ ನೂರಕ್ಕೆ ಒಂಬತ್ತು ಅಂಕ ಕೊಟ್ಟು ಹೋದ.

ಎರಡನೆಯ ವರ್ಷ ಗಿರಣಿಯಿಂದ ಇನ್ನಷ್ಟು ಒಳಿತಾಯಿತು. ಆದ್ದರಿಂದ ಊರಿನವರ ಭಯವೂ ಇನ್ನಷ್ಟು ಹೆಚ್ಚಿತು. ಅಳೆಯುವವನು ಬರುವ ದಿನ ಗೊತ್ತಾಗಿ, ಎಲ್ಲರೂ ಹಳೆಯ ಸೀರೆ ಉಟ್ಟು ಬಂದರು. ದುಂಡಗಿದ್ದ ಮಕ್ಕಳನ್ನು ಒಳಗೆ ಕೂಡಿಹಾಕಿದರು. ಈ ಸಲ ಯಾರೂ ಬಾಯಿ ತಪ್ಪಿ ಮಾತಾಡಲಿಲ್ಲ. ಗಿರಣಿಯಿಂದ ಏನಾದರೂ ಪ್ರಯೋಜನ ಉಂಟೇ ಎಂದು ಕೇಳಿದ್ದಕ್ಕೆ, "ಸದ್ದು ಮಾಡುತ್ತೆ" ಎಂದರು. ಅಳೆಯುವವನು ಸೊನ್ನೆ ಬರೆದ. ಬರೆಯುವಾಗ ಅವನಿಗೂ ಬೇಸರವಾಯಿತು.

ವ್ಯಾಪಾರಿ ಇನ್ನೊಂದು ಊರಿಗೂ ಇಂಥದೇ ಗಿರಣಿ ಹಾಕಿಸಿದ್ದ. ಅಲ್ಲಿಯವರು ಮಾತು ಬಲ್ಲವರು. ಅಳೆಯುವವನಿಗೆ ಹಾರ ಹಾಕಿದರು. ಗಿರಣಿಯಿಂದ ಊರೇ ಬೆಳಗಿತೆಂದು ಮೂವರು ಭಾಷಣ ಮಾಡಿದರು. ಅವರಿಗೆ ನೂರಕ್ಕೆ ತೊಂಬತ್ತೆಂಟು ಬಂತು. ಅವರ ಗಿರಣಿ ಎಂಟು ತಿಂಗಳಿಂದ ಕೆಟ್ಟು ನಿಂತಿತ್ತು. ಆ ವಿಷಯ ಪ್ರಶ್ನೆಗಳಲ್ಲಿ ಇರಲಿಲ್ಲ.

ಒಂದು ಗಿರಣಿಯಿಂದಲೇ ಇಷ್ಟು ಒಳಿತು ಕಂಡ ಊರಿಗೆ ಎರಡನೆಯದನ್ನೂ ಕೊಟ್ಟರೆ ಒಳಿತು ಇಮ್ಮಡಿಯಾಗುತ್ತದೆ ಎಂದು ವ್ಯಾಪಾರಿ ಯೋಚಿಸಿದ. ಮೊದಲಿನ ಊರಿಗೆ ಕಾಗದ ಬರೆಸಿದ.

ಶಾಲೆಯ ಮೇಷ್ಟ್ರು ಅದನ್ನು ಗಿರಣಿಯ ಮುಂದೆ ನಿಂತು ಓದಿದರು. 'ಈ ಗಿರಣಿಯಿಂದ ಯಾವ ಒಳಿತೂ ಆಗಿಲ್ಲವೆಂದು ತಾವೇ ತಿಳಿಸಿರುವುದರಿಂದ, ಬರುವ ಸೋಮವಾರ ಯಂತ್ರವನ್ನು ಬಿಚ್ಚಿ ಕೊಂಡೊಯ್ಯಲಾಗುವುದು.'

ಗಿರಣಿಯವಳು ಯಂತ್ರ ನಿಲ್ಲಿಸಿದಳು. ಇನ್ನೊಂದು ವರ್ಷ ಕಳೆದಿದ್ದರೆ ಗಿರಣಿ ಅವಳದಾಗುತ್ತಿತ್ತು.

ಹೊಸದಾಗಿ ಮದುವೆಯಾಗಿ ಬಂದ ಒಬ್ಬ ಸೊಸೆ ಮಾತೆತ್ತಿದಳು. "ಹೋಗಿ ಇದ್ದದ್ದು ಹೇಳಿಬಿಡಾಣ ಅತ್ತೆ. ಗಿರಣಿ ಬಂದಮೇಲೆ ಸುಖವಾಗಿದೀವಿ ಅಂತ."

"ಹೇಳು ತಾಯಿ, ಹೇಳು" ಎಂದಳು ಅವಳ ಅತ್ತೆ. "ಇವತ್ತು ಹೇಳು, ನಾಳೆ ಗಿರಣಿ ಪಟ್ಟಿ ಹರಿದು ಯಾರದೋ ಕೈ ಹೋಗಲಿ."

"ಹೇಳದೇ ಇದ್ದರೂ ಗಿರಣಿ ಹೋಗ್ತದಲ್ಲ."

"ಅದಕ್ಕೇ ಕಣೇ ಹೇಳ್ತಿರೋದು. ಯಾರೋ ಆಗಲೇ ಹೇಳಿದಾರೆ. ದೃಷ್ಟಿ ತಾಗಿ ಆಯ್ತು."

ಯಾರು ಹೇಳಿದರೆಂದು ಹುಡುಕುವುದಕ್ಕೆ ಬಹಳ ಹೊತ್ತು ಬೇಕಾಗಲಿಲ್ಲ. ಮುದುಕಿ ತಾನಾಗಿಯೇ ಎದ್ದು ನಿಂತಳು. "ನಾನೇ ಕಣ್ರವ್ವಾ. ನಿದ್ದೆ ಮಾಡ್ತೀನಿ ಅಂದುಬಿಟ್ಟಿದ್ದೆ" ಎಂದಳು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವಳು ಮನೆಗೆ ಹೋಗಿ, ಹಿತ್ತಿಲಿನ ಬೀಸುವ ಕಲ್ಲಿನ ಮೇಲಿದ್ದ ಕೋಳಿಯನ್ನು ಓಡಿಸಿ, ಕಲ್ಲು ತೊಳೆದು ಒಳಗೆ ತಂದಳು. ಮರುದಿನ ಕೋಳಿ ಕೂಗುವ ಮೊದಲೇ ಅವಳ ಮನೆಯಿಂದ ಬೀಸುವ ಸದ್ದು ಕೇಳಿಸಿತು. ಗಿರಣಿಯ ಮೇಲೆ ತಾಗಿದ್ದು ಅಷ್ಟರಿಂದಲಾದರೂ ಕಳೆಯಲಿ ಎಂದು ಅವಳ ಎಣಿಕೆ.

ಉಳಿದವರು ತಮಗೆ ತಿಳಿದದ್ದನ್ನು ಮಾಡಿದರು. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಬಾಗಿಲಿಗೆ ನಿಂಬೆಹಣ್ಣು ಕಟ್ಟಿದರು. ಹೊಸಿಲಲ್ಲಿ ಮೋಟು ಪೊರಕೆ ನಿಲ್ಲಿಸಿದರು. ಗಿರಣಿಯವಳು ದೀಪದ ಕಾಡಿಗೆ ತೆಗೆದು ಹರಳೆಣ್ಣೆಯಲ್ಲಿ ಕಲಸಿದಳು. ಕಾಳು ಸುರಿಯುವ ಬಾಯಿಯ ಪಕ್ಕದಲ್ಲಿ, ಎಡಗಡೆಗೆ, ಅಂಗೈಯಷ್ಟು ಅಗಲದ ಒಂದು ಬೊಟ್ಟು ಇಟ್ಟಳು.

ಸೋಮವಾರ ಮಧ್ಯಾಹ್ನ ಲಾರಿ ಬಂತು. ಹಿಂದೆ ಕಾರಿನಲ್ಲಿ ವ್ಯಾಪಾರಿಯೂ ಅಳೆಯುವವನೂ ಬಂದರು. ವ್ಯಾಪಾರಿ ಗಿರಣಿ ನೋಡಲೆಂದು ಬಂದವನಲ್ಲ. ಇನ್ನೊಂದು ಊರಿನಲ್ಲಿ ಅಂದು ಸಂಜೆ ಅವನಿಗೆ ಸನ್ಮಾನವಿತ್ತು. ಅಲ್ಲಿಗೆ ಹೋಗುವ ದಾರಿ ಇದು. ಸೊನ್ನೆ ಪಡೆದ ಗಿರಣಿ ಹೇಗಿರುತ್ತದೆಂದು ನೋಡಿಯೇ ಹೋಗೋಣವೆಂದು ಇಳಿದ.

ಗಿರಣಿ ತಿರುಗುತ್ತಿತ್ತು. ಬಿಚ್ಚುವ ತನಕ ಬೀಸೋಣವೆಂದು ಹೆಂಗಸರು ಮನೆಯಲ್ಲಿದ್ದ ರಾಗಿಯನ್ನೆಲ್ಲ ತಂದಿದ್ದರು. ಸಾಲು ಬೀದಿಯವರೆಗೆ ಬೆಳೆದಿತ್ತು. ವ್ಯಾಪಾರಿ ನಿಂಬೆಹಣ್ಣನ್ನು ತಪ್ಪಿಸಿ, ಪೊರಕೆಯನ್ನು ದಾಟಿ ಒಳಗೆ ಬಂದ. ಯಂತ್ರವನ್ನು ನೋಡಿದ. ಅಲ್ಲೇ ನಿಂತ.

"ಇದೇನಮ್ಮಾ?"

"ಏನಿಲ್ಲ ಸಾಹುಕಾರ್ರೇ. ಮಸಿ ತಗಲಿದೆ" ಎಂದಳು ಗಿರಣಿಯವಳು.

"ಮಸಿ ಇಷ್ಟು ದುಂಡಗೆ ತಗಲುತ್ತದೆಯೇ?"

ಅವಳು ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡಳು.

"ಯಾತಕ್ಕೂ ಬಾರದ ಗಿರಣಿಗೆ ಯಾರ ಕಣ್ಣು ತಾಗುತ್ತದೆ?"

ಹೆಂಗಸರೆಲ್ಲ ನೆಲ ನೋಡಿದರು. ಉತ್ತರ ಎಲ್ಲರಿಗೂ ಗೊತ್ತಿತ್ತು. ಹೇಳಿದರೆ ಇದ್ದ ಒಳಿತೂ ಹೋಗುತ್ತಿತ್ತು.

ವ್ಯಾಪಾರಿಯ ಕೈ ತನಗೆ ತಾನೇ ಅವನ ಎಡಗೆನ್ನೆಗೆ ಹೋಯಿತು. ಏಳನೆಯ ವರ್ಷದವರೆಗೆ ಅಲ್ಲಿ ಇಂಥದೊಂದು ಬೊಟ್ಟಿರುತ್ತಿತ್ತು. ಅದನ್ನು ಇಡುತ್ತಿದ್ದವಳು ಅವನ ತಾಯಿ. ಶಾಲೆಯ ದಾರಿಯಲ್ಲಿ ಅವನು ಅದನ್ನು ತೋಳಿನಿಂದ ಒರೆಸಿಕೊಳ್ಳುತ್ತಿದ್ದ. ಅದೇ ತಾಯಿ, ಮನೆಗೆ ಬಂದವರ ಮುಂದೆಲ್ಲ, "ನನ್ನ ಮಗ ದಡ್ಡ ಕಣ್ರೀ, ಯಾತಕ್ಕೂ ಬಾರದವನು" ಎನ್ನುತ್ತಿದ್ದಳು. ಬೇರೆ ಮಾತು ಆಡದೆಯೇ ತೀರಿಕೊಂಡಳು. ಬೊಟ್ಟು ಒರೆಸಿದರೆ ಹೋಗುತ್ತಿತ್ತು. ಆ ಮಾತು ಹೋಗಿರಲಿಲ್ಲ. ಅದು ಸುಳ್ಳೆಂದು ತೋರಿಸುವುದಕ್ಕೆ ಅವನು ಹದಿನಾರನೆಯ ವಯಸ್ಸಿಗೆ ಮನೆ ಬಿಟ್ಟ, ಬೆಲ್ಲದ ಮೂಟೆ ಹೊತ್ತ, ಅಂಗಡಿ ಇಟ್ಟ, ಗೋಡೆ ತುಂಬಿಸಿದ. ಬೊಟ್ಟನ್ನೂ ಮಾತನ್ನೂ ಅವನು ಒಂದು ದಿನವೂ ಜೊತೆಗಿಟ್ಟು ನೋಡಿರಲಿಲ್ಲ.

ಈಗ ನೋಡಿದ. ನೋಡಿ ಒಂದು ರಾಗಿ ಮೂಟೆಯ ಮೇಲೆ ಕುಳಿತುಬಿಟ್ಟ. ಹಿಟ್ಟಿನ ಧೂಳು ಕಣ್ಣಿಗೆ ಬಿತ್ತೆಂದು ಹೇಳಿದ. ಹೆಂಗಸರು ಹೌದೆಂದು ತಲೆಯಾಡಿಸಿದರು. ಇಂಥದನ್ನು ಆ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಲಾರಿಯಿಂದ ಇಬ್ಬರು ಫಿಟ್ಟರುಗಳು ಸ್ಪ್ಯಾನರು ಹಿಡಿದು ಬಂದರು. ವ್ಯಾಪಾರಿ ಎದ್ದು ಅವರಿಗೆ ಅಡ್ಡ ನಿಂತ.

"ಈ ಹಾಳು ಗಿರಣಿ ಯಾರಿಗೆ ಬೇಕು?" ಎಂದ. "ಹೊತ್ತುಕೊಂಡು ಹೋದರೆ ಲಾರಿಗೆ ಅವಮಾನ. ಇಲ್ಲೇ ಬಿದ್ದಿರಲಿ."

ಹೆಂಗಸರು ಮೊದಲ ಸಲ ಅವನ ಮುಖ ನೋಡಿದರು.

ಅವನು ಗಿರಣಿಯವಳ ಕಡೆ ತಿರುಗಿದ. "ನಿನಗೂ ನಡೆಸೋಕೆ ಬರೋದಿಲ್ಲ. ಇನ್ನೊಂದು ವರ್ಷ ಹೇಗೋ ಒದ್ದಾಡು. ಆಮೇಲೆ ನೀನೇ ಇಟ್ಟುಕೋ."

"ಆಗಲಿ ಸಾಹುಕಾರ್ರೇ" ಎಂದಳು ಅವಳು. "ನೀವೂ ಅಂಥಾ ದೊಡ್ಡ ಉಪಕಾರ ಏನೂ ಮಾಡಿಲ್ಲ ಬಿಡಿ."

ವ್ಯಾಪಾರಿ ಜೀವನದಲ್ಲಿ ಬಹಳ ಸನ್ಮಾನ ಕಂಡವನು. ಇಂಥದು ಆಗಿರಲಿಲ್ಲ.

ಅಳೆಯುವವನು ಗೊಂದಲದಲ್ಲಿದ್ದ. "ಹಾಗಾದರೆ ವರದಿಯಲ್ಲಿ ಏನು ಬರೆಯಲಿ?" ಎಂದು ಕೇಳಿದ. ವ್ಯಾಪಾರಿ ವರದಿಯನ್ನು ಕೈಗೆ ತೆಗೆದುಕೊಂಡು ಸೊನ್ನೆಯನ್ನು ನೋಡಿದ. ಅಳೆಯುವವನ ಪೆನ್ನು ಇಸಿದುಕೊಂಡು, ಸೊನ್ನೆಯ ಹೊಟ್ಟೆಯನ್ನು ನಿಧಾನವಾಗಿ, ಬಿಳಿ ಎಲ್ಲೂ ಉಳಿಯದ ಹಾಗೆ, ಕಪ್ಪಗೆ ತುಂಬಿದ. "ಹೀಗೇ ಇರಲಿ" ಎಂದ.

ಫಿಟ್ಟರುಗಳನ್ನು ಇನ್ನೊಂದು ಊರಿಗೆ ಕಳಿಸಿದ, ಅಲ್ಲಿಯ ಗಿರಣಿ ತಿರುಗುತ್ತಿದೆಯೇ ನೋಡಿ ಬರಲು. ತಾನು ಹೋಗಲಿಲ್ಲ. ಸನ್ಮಾನದ ಹಾರ ಸಂಜೆಯವರೆಗೆ ಕಾದು ಬಾಡಿತು.

ಅವನು ಹೊರಡುವಾಗ ಹೆಂಗಸರು ಕಾರಿಗೆ ಹಿಟ್ಟಿನ ಗಂಟು ತಂದಿಟ್ಟರು. "ಒಂದು ಹಿಡಿ ಅಷ್ಟೇ. ಚೆನ್ನಾಗೂ ಇಲ್ಲ" ಎಂದರು. ಅದನ್ನು ಎತ್ತಲು ಇಬ್ಬರು ಬೇಕಾದರು.

ಕಾರು ಊರು ದಾಟಿದ ಮೇಲೆ ಮುದುಕಿ ತನ್ನ ಪುಟ್ಟಿ ಹಿಡಿದು ಬಂದು ಸಾಲಿನ ಕೊನೆಯಲ್ಲಿ ನಿಂತಳು. ಗಿರಣಿಯವಳು ಅವಳನ್ನು ಮುಂದಕ್ಕೆ ಕರೆದು ಅವಳ ರಾಗಿಯನ್ನೇ ಮೊದಲು ಬೀಸಿಕೊಟ್ಟಳು. ಮುದುಕಿ ಹಿಟ್ಟನ್ನು ಮನೆಯಲ್ಲಿಟ್ಟು ಮಲಗಿದಳು. ಎಷ್ಟು 'ಹೊರಳಾಡಿದಳು' ಎಂದು ಯಾರೂ ಅಳೆಯಲಿಲ್ಲ.

ವ್ಯಾಪಾರಿ ಮನೆಗೆ ಹೋಗಿ ಗೋಡೆಯ ನಡುವಿನ ಸನ್ಮಾನ ಪತ್ರವೊಂದನ್ನು ಇಳಿಸಿ, ಆ ಜಾಗಕ್ಕೆ ವರದಿಯ ಹಾಳೆಯನ್ನು ತೂಗುಹಾಕಿದ. ಅದೇನೆಂದು ಬಂದವರು ಕೇಳಿದರೆ, "ಏನಿಲ್ಲ, ಮಸಿ" ಎನ್ನುತ್ತಿದ್ದ. ಆಮೇಲೆ ಅವನು ಯಾರಿಂದಲೂ ಪತ್ರ ಬರೆಸಿಕೊಳ್ಳಲಿಲ್ಲ. ಗಿರಣಿ ಹಾಕಿಸುವುದನ್ನು ಮಾತ್ರ ಬಿಡಲಿಲ್ಲ.

ಗುರುಗಳು ಕತೆ ನಿಲ್ಲಿಸಿ, ಮಡಿಸಿಟ್ಟ ಹಾಳೆಯನ್ನು ಶಿಷ್ಯನಿಗೆ ಹಿಂದಿರುಗಿಸಿದರು.

"ಕೇಳು. ಕೇಳಬೇಡವೆಂದು ನಾನು ಹೇಳುವುದಿಲ್ಲ. ಹಣ ಹಾಕಿದವರು ತಿಳಿಯಬೇಕೆನ್ನುವುದು ತಪ್ಪಲ್ಲ. ಕೇಳಿ ಬರೆದುಕೊಂಡ ಮೇಲೆ, ಆ ಹೊಲಿಗೆ ಯಂತ್ರಗಳನ್ನೂ ಒಂದು ಸಲ ಸುತ್ತ ನೋಡಿ ಬಾ."

ಶಿಷ್ಯ ಹಾಳೆ ತೆಗೆದುಕೊಂಡ. ಎದ್ದವನು ಹೋಗಲಿಲ್ಲ. ಹಾಳೆಯ ಅಂಚನ್ನು ಬೆರಳಿನಿಂದ ಉಜ್ಜುತ್ತ ನಿಂತ.

"ಊರಿನವರ ಮುಂದೆ ಹೇಳದಿದ್ದರೆ ಬೇಡ" ಎಂದ. ಅವನ ದನಿ ಸ್ವಲ್ಪ ಗಡುಸಾಗಿತ್ತು. "ಆ ತಾಯಿ ಮಗನಿಗಾದರೂ ಒಂದು ಸಲ, ಗುಟ್ಟಾಗಿಯಾದರೂ, ಹೇಳಬಹುದಿತ್ತಲ್ಲ ಗುರುಗಳೇ?"

ಗುರುಗಳು ಅವನ ಮುಖ ನೋಡಿದರು.

"ಹನ್ನೊಂದು ವರ್ಷದಿಂದ ನಾನು ಬಂದವರಿಗೆಲ್ಲ ನಿನ್ನ ವಿಷಯ ಏನು ಹೇಳುತ್ತಾ ಬಂದಿದ್ದೇನೆ?"